ಇದೆಯೋ ಇಲ್ಲವೋ ತಿಳಿಯದ ಪುಸ್ತಕಕ್ಕಾಗಿ ಬೆಲ್ಜಿಯಂಗೆ

ಸಾಗರ

ಬೆಲ್ಜಿಯಂಗೆ ಹೋಗಿ ಬಂದೆ ಎಂದರೆ ನಮ್ಮ ಕಡೆಯವರು ಮೊದಲು ಕೇಳುವುದು ಚಾಕೊಲೇಟ್ ತಂದಿರಾ ಎಂದು. ನಾನು ತರಲಿಲ್ಲ. ಹಲ್ಲಿನ ಡಾಕ್ಟರೇ ಊರಿಗೆಲ್ಲ ಚಾಕೊಲೇಟ್ ಹಂಚಿದರೆ ಜನ ಏನೆಂದುಕೊಂಡಾರು? ನಾನು ಹೋದದ್ದು ಒಂದು ಕಾಮಿಕ್ಸ್ ಪುಸ್ತಕ ಹುಡುಕಿಕೊಂಡು. ಅದು ಇದೆಯೋ ಇಲ್ಲವೋ ಎಂಬುದು ವಿಮಾನ ಹತ್ತುವಾಗಲೂ ಖಾತ್ರಿಯಿರಲಿಲ್ಲ.

ಸಾಗರದ ಪೇಟೆಯಲ್ಲಿ ನನ್ನ ದವಾಖಾನೆ ಇದೆ. ರೋಗಿಗಳು ಕಾಯುವ ಬೆಂಚಿನ ಪಕ್ಕದ ಕಪಾಟಿನಲ್ಲಿ ವಾರಪತ್ರಿಕೆಗಳ ಬದಲು ಕಾಮಿಕ್ಸ್ ಇಟ್ಟಿದ್ದೇನೆ. ಚಿಕ್ಕಂದಿನಿಂದ ಕೂಡಿಸಿಕೊಂಡು ಬಂದವು. ಎಲ್ಲರಿಗೂ ಗೊತ್ತಿರುವ ಪುಸ್ತಕಗಳಲ್ಲಿ ನನಗೆ ಅಂಥ ಆಸಕ್ತಿಯಿಲ್ಲ. ಯಾವುದೋ ಊರಿನ ಸಣ್ಣ ಮುದ್ರಣಾಲಯದಲ್ಲಿ ಎರಡೋ ಮೂರೋ ಸಂಚಿಕೆ ಬಂದು ನಿಂತುಹೋದವು, ಅಚ್ಚು ಹಾಕಿದವರೇ ಮರೆತವು, ಇಂಥದ್ದೊಂದು ಇತ್ತಂತೆ ಎಂಬ ಬಾಯಿಮಾತಿನಲ್ಲಷ್ಟೇ ಉಳಿದವು, ಅಂಥವೆಂದರೆ ನನಗೆ ಪ್ರಾಣ. ಹುಡುಕಿ ಹೋದ ಕಡೆ ಎಷ್ಟೋ ಸಲ ಗೆದ್ದಲು ಮಾತ್ರ ಸಿಕ್ಕಿದೆ. ಮನೆಯಲ್ಲಿ ಯಜಮಾನರು ಇದನ್ನು ಕಾಯಿಲೆ ಎನ್ನುತ್ತಾರೆ. ಹೊಸ ಪುಸ್ತಕ ಬಂದಾಗ ಮೊದಲು ತೆರೆದು ಓದುವವರೂ ಅವರೇ.

ಒಂದು ದಿನ ಹೊಸನಗರದಿಂದ ಪದ್ಮಾವತಮ್ಮ ಎಂಬುವರು ಹಲ್ಲಿನ ಸೆಟ್ ಕಟ್ಟಿಸಿಕೊಳ್ಳಲು ಬಂದರು. ಎಪ್ಪತ್ತು ದಾಟಿದ ಜೈನರ ಹೆಂಗಸು, ತೆಳ್ಳಗೆ, ಮಾತು ಚುರುಕು. ಕಾಯುವಾಗ ಕಪಾಟಿನಿಂದ ಒಂದು ಕಾಮಿಕ್ಸ್ ಎತ್ತಿಕೊಂಡವರು ಕುರ್ಚಿಗೆ ಬರುವಾಗಲೂ ಅದನ್ನು ಕೈಬಿಟ್ಟಿರಲಿಲ್ಲ.

"ಇದೇ ನಮೂನೆ ನಮ್ಮೂರಿನ ಚಿತ್ರ ಬರ್ದಿದ್ಲು ಒಬ್ಳು ಬಿಳಿ ಹುಡ್ಗಿ," ಎಂದರು. "ಚೌಕ ಚೌಕ ಮಾಡಿ, ಒಂದ್ರ ಪಕ್ಕ ಒಂದು. ಬಾಯಿಂದ ಗುಳ್ಳೆ ಬಂದಂಗೆ ಮಾಡಿ ಅದ್ರೊಳಗೆ ಮಾತು ಬರೀತಿದ್ಲು. ಪುಸ್ತಕ ಮಾಡಿ ಕಳಿಸ್ತೀನಿ ಅಂದಿದ್ಲು ಡಾಕ್ಟ್ರಮ್ಮ. ಬರ್ಲೇ ಇಲ್ಲ."

ವಸಡಿನ ಅಚ್ಚು ತೆಗೆಯುವ ಮಸಾಲೆ ಕಲಸಿ ಕೈಯಲ್ಲಿ ಹಿಡಿದಿದ್ದೆ. ಅದು ಗಟ್ಟಿಯಾಗಿ ಹೋಯಿತು. ಮತ್ತೆ ಕಲಸಬೇಕಾಯಿತು.

ಹೊಸನಗರ

ಹಲ್ಲು ಸಿದ್ಧವಾದಾಗ ಅವರನ್ನು ಸಾಗರಕ್ಕೆ ಬರಹೇಳುವ ಬದಲು ನಾನೇ ಹೊಸನಗರಕ್ಕೆ ಹೋದೆ. ಅವರ ಮನೆಯ ಮುಂಭಾಗದಲ್ಲಿ ಹಿಟ್ಟಿನ ಗಿರಣಿ. ಮಗ ಗಿರಣಿ ನಡೆಸುತ್ತಾನೆ. ತಾಯಿ ಹೇಳುವ ಚಿತ್ರದ ಕಥೆ ಕೇಳಿ ಅವನು ನಕ್ಕ. ಅಮ್ಮ ಕಂಡದ್ದು ಕನಸಿರಬೇಕು, ನಮ್ಮ ಊರಿನವರು ಇನ್ನಾರೂ ಅದನ್ನು ಹೇಳುವುದಿಲ್ಲ ಎಂದ. ಪದ್ಮಾವತಮ್ಮ ಅದನ್ನು ಕಿವಿಗೆ ಹಾಕಿಕೊಳ್ಳದೆ ಹೇಳುತ್ತ ಹೋದರು.

ಅವರ ಊರು ಹುಲಿಬೈಲು, ಮಾಸ್ತಿಕಟ್ಟೆಯ ಆಚೆ ಇತ್ತು. ಈಗ ಅಣೆಕಟ್ಟೆಯ ನೀರಿನಡಿ ಇದೆ. ಊರು ಬಿಡಿ ಎಂದು ಹೇಳಿಯಾದ ಮೇಲೆ, ಜನ ಇನ್ನೂ ಬಿಡದೆ ಇದ್ದ ಬೇಸಿಗೆಯಲ್ಲಿ ಆ ಹುಡುಗಿ ಬಂದದ್ದು. ಹೆಗ್ಗೋಡಿಗೆ ನಾಟಕ ನೋಡಲು ಬಂದಿದ್ದಳಂತೆ. ಅಲ್ಲಿ ಪರಿಚಯವಾದ ಯಾರೋ ಕರೆದುಕೊಂಡು ಬಂದು ಇವರ ಮನೆಯಲ್ಲಿ ಬಿಟ್ಟುಹೋದರು. ಹೆಸರು ಕೇಳಿದರೆ "ಆನ್" ಎಂದಳು. ಪಕ್ಕದ ಮನೆ ಹವ್ಯಕರ ಭಾಷೆಯಲ್ಲಿ 'ಆನು' ಎಂದರೆ ನಾನು. ಹೆಸರು ಕೇಳಿದರೆ ನಾನು ನಾನು ಅಂತಾಳಲ್ಲ ಇವಳು ಎಂದು ಊರೆಲ್ಲ ನಕ್ಕಿತಂತೆ.

ಅವಳ ಜೊತೆ ಮಾತಾಡಲು ಧೈರ್ಯ ಮಾಡಿದವನು ಪದ್ಮಾವತಮ್ಮನ ತಮ್ಮ ನೇಮಿರಾಜ. ಅವನಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಕನ್ನಡದಲ್ಲೇ ದಿನವಿಡೀ ಮಾತಾಡುತ್ತಿದ್ದ, ಅವಳು ತಲೆಯಾಡಿಸುತ್ತ ಚಿತ್ರ ಬರೆಯುತ್ತಿದ್ದಳು. ಊರು ಬಿಟ್ಟು ಬಂದ ಮೊದಲ ಮಳೆಗಾಲದಲ್ಲೇ ನೇಮಿರಾಜ ಕಾಮಾಲೆಯಾಗಿ ತೀರಿಕೊಂಡ. ಆಗ ಅವನ ಹೆಂಡತಿ ಬಸುರಿ. ಹುಟ್ಟಿದ ಹೆಣ್ಣುಮಗು ಸುಜಾತ ಈಗ ತೀರ್ಥಹಳ್ಳಿಯಲ್ಲಿ ಗಂಡನ ಜೊತೆ ಔಷಧಿ ಅಂಗಡಿ ನಡೆಸುತ್ತಾಳೆ. ತಾಯಿಯೂ ಬೇಗ ಹೋದಳು. ಸಾಕಿದವರು ಪದ್ಮಾವತಮ್ಮನೇ.

"ಅವ್ನ ಒಂದು ಫೋಟೋ ಇಲ್ಲ ಡಾಕ್ಟ್ರಮ್ಮ. ಮದ್ವೇದು ಇತ್ತು, ಗೆದ್ಲು ತಿಂತು. ಈ ಮಗು ಅಪ್ಪನ ಮುಖಾನೇ ನೋಡಿಲ್ಲ. ಸಣ್ಣೋಳಿದ್ದಾಗ ಕನ್ನಡಿ ಮುಂದೆ ನಿಂತು ಅಪ್ಪ ಹಿಂಗಿದ್ನಾ ಅಂತ ಕೇಳ್ತಿತ್ತು. ಎಂತ ಹೇಳೋದು? ಹೂಂ ಅಂತಿದ್ದೆ."

ಹೊಸ ಹಲ್ಲು ಹಾಕಿಕೊಂಡು ಕನ್ನಡಿ ನೋಡಿ ಅವರು ಚೆನ್ನಾಗಿದೆ ಎಂದರು. ನಾನು ಸಾಗರಕ್ಕೆ ಬಂದವಳು ಆ ವಾರವೇ ಇಂಟರ್‌ನೆಟ್‌ನಲ್ಲಿ ಕಾಮಿಕ್ಸ್ ಸಂಗ್ರಾಹಕರು ಸೇರುವ ಜಾಗಗಳಲ್ಲೆಲ್ಲ ಬರೆದು ಹಾಕಿದೆ. ಆನ್ ಎಂಬ ಹೆಸರು, ದಕ್ಷಿಣ ಭಾರತದ ಹಳ್ಳಿ, ಅಣೆಕಟ್ಟೆ. ಬಹಳ ಜನ ಅಂಥ ಪುಸ್ತಕವೇ ಇಲ್ಲ ಎಂದರು. ತಿಂಗಳುಗಳು ಕಳೆದ ಮೇಲೆ ಬ್ರಸೆಲ್ಸ್‌ನಿಂದ ಬರ್ನಾರ್ ಎಂಬ ಹಳೆ ಪುಸ್ತಕದ ವ್ಯಾಪಾರಿ ಉತ್ತರಿಸಿದ. ಸೊಂಟದವರೆಗೆ ನೀರಲ್ಲಿ ನಿಂತ ಹೆಂಗಸಿನ ಮುಖಪುಟವಿದ್ದ ಕಪ್ಪು ಬಿಳುಪಿನ ಪುಸ್ತಕವೊಂದನ್ನು ಎಂದೋ ನೋಡಿದ ನೆನಪು, ಬನ್ನಿ, ಹುಡುಕಿ ಇಟ್ಟಿರುತ್ತೇನೆ ಎಂದು.

ಯಜಮಾನರಿಗೆ ಕಾಲೇಜಿನ ಪರೀಕ್ಷೆ ಕೆಲಸ. ನೀನು ಹೋಗಿ ಬಾ, ಸಿಗದಿದ್ದರೂ ಬೇಜಾರು ಮಾಡಿಕೊಳ್ಳಬೇಡ ಎಂದು ಉಪ್ಪಿನಕಾಯಿ ಕಟ್ಟಿಕೊಟ್ಟರು.

ಬ್ರಸೆಲ್ಸ್: ಸಂತೆ

ಬರ್ನಾರ್ ಸಿಗುತ್ತೇನೆಂದದ್ದು ಹಳೆ ಸಾಮಾನಿನ ಸಂತೆಯಲ್ಲಿ. ಬೆಳಗಿನಲ್ಲೇ ಕಲ್ಲುಹಾಸಿನ ದೊಡ್ಡ ಚೌಕವೊಂದರಲ್ಲಿ ಜನ ಚಾದರ ಹಾಸಿ ಸಾಮಾನು ಹರವಿದ್ದರು. ನಮ್ಮ ಸಂತೆಯಲ್ಲಿ ಬದನೆ, ಬೆಂಡೆ ರಾಶಿ ಹಾಕಿದ ಹಾಗೆ ಇಲ್ಲಿ ಒಡೆದ ಗಡಿಯಾರ, ಒಂಟಿ ಶೂ, ಯಾರದೋ ಮನೆಯ ಫೋಟೋಗಳ ರಾಶಿ. ಯಾರ್‍ಯಾರದೋ ಮದುವೆ, ಯಾರ್‍ಯಾರದೋ ಮಕ್ಕಳು, ನೆಲದ ಮೇಲೆ. ಪದ್ಮಾವತಮ್ಮನಿಗೆ ಒಂದೇ ಒಂದು ಫೋಟೋ ಇಲ್ಲ, ಇಲ್ಲಿ ನೋಡಿದರೆ ಕಾಲಿಗೆ ಸಿಗುತ್ತಿವೆ. ದಾಟಿಕೊಂಡು ನಡೆಯುವುದಕ್ಕೆ ಮುಜುಗರವಾಗಿ ಸುತ್ತುಬಳಸಿ ಹೋದೆ.

ಆದರೆ ಸದ್ದೇ ಇಲ್ಲ. ಕೂಗುವವರಿಲ್ಲ, ಚೌಕಾಸಿಯೂ ಪಿಸುಮಾತಿನಲ್ಲಿ. ಒಬ್ಬಾತ ನನ್ನ ಪಕ್ಕದಲ್ಲಿ ಕೂತು ಹಳೆ ಕಾಮಿಕ್ಸ್‌ನ ಪುಟ ಒಂದೊಂದನ್ನೂ ಮೂಗಿನ ಹತ್ತಿರ ಹಿಡಿದು ಮೂಸುತ್ತಿದ್ದ. ನಾನೂ ಹಾಗೆಯೇ ಮಾಡುವವಳು. ಕಾಗದಕ್ಕೆ ಬೂಷ್ಟು ಹತ್ತಿದೆಯೋ ಎಂದು ಮೂಗಿಗಿಂತ ಚೆನ್ನಾಗಿ ಹೇಳುವುದು ಯಾವುದೂ ಇಲ್ಲ. ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡೆವು. ಅವನು ನಕ್ಕು ಪುಸ್ತಕವನ್ನು ನನ್ನ ಮೂಗಿನ ಕಡೆ ಚಾಚಿದ. ಮೂಸಿ, ಚೆನ್ನಾಗಿದೆ ಎಂದು ತಲೆಯಾಡಿಸಿದೆ. ಭಾಷೆಯೇ ಬೇಕಾಗಲಿಲ್ಲ.

ಈ ಊರಿನಲ್ಲಿ ಕಾಮಿಕ್ಸ್ ಓದುವುದು ಮಕ್ಕಳ ಕೆಲಸವಲ್ಲ. ಕೋಟು ತೊಟ್ಟ ಗಂಡಸರು, ಊರುಗೋಲು ಹಿಡಿದ ಅಜ್ಜಿಯರು ರಾಶಿಯೆದುರು ಬಗ್ಗಿ ನಿಂತಿರುತ್ತಾರೆ. ಮನೆಗಳ ಗೋಡೆಯ ಮೇಲೆ ಮೂರು ಅಂತಸ್ತಿನ ಎತ್ತರಕ್ಕೆ ಕಾಮಿಕ್ಸ್‌ನ ಚಿತ್ರ ಬರೆದಿದ್ದಾರೆ. ನಮ್ಮಲ್ಲಿ ಗೋಡೆ ಎಂದರೆ ಸಿಮೆಂಟಿನ ಜಾಹೀರಾತು. ಜೀವಮಾನದಲ್ಲಿ ಮೊದಲ ಸಲ ನನ್ನ ಕಾಯಿಲೆ ಇಡೀ ಊರಿಗೇ ಇರುವ ಜಾಗಕ್ಕೆ ಬಂದಿದ್ದೆ.

ಬರ್ನಾರ್ ಸಿಕ್ಕ. ದೊಡ್ಡ ಮೀಸೆ, ಹೊಗೆಸೊಪ್ಪಿನ ಕಲೆ ಹಿಡಿದ ಹಲ್ಲು. ಕೈ ಕುಲುಕಲು ಚಾಚಿದೆ, ಅವನು ಕೆನ್ನೆಗೆ ಕೆನ್ನೆ ತಾಗಿಸಲು ಬಗ್ಗಿದ, ನಾನು ಹಿಂದೆ ಸರಿದೆ, ಅವನ ಮೂಗು ನನ್ನ ಕನ್ನಡಕಕ್ಕೆ ಬಡಿಯಿತು. ಆಮೇಲೆ ಬಹಳ ಹೆಮ್ಮೆಯಿಂದ ಕಾಗದದಲ್ಲಿ ಸುತ್ತಿದ ಪುಸ್ತಕವನ್ನು ಮುಂದಿಟ್ಟ.

ಬಿಚ್ಚಿದೆ. ಆನೆ, ಹುಲಿ, ಮೀಸೆಯ ಮಹಾರಾಜ, ಕೊಳದಲ್ಲಿ ನಿಂತ ರಾಜಕುಮಾರಿ. ಅಂಗಡಿಯ ಹಲಗೆಗಳ ಮೇಲೆ ಯಾವ ಭಾಷೆಯೂ ಅಲ್ಲದ ಸುರುಳಿ ಸುರುಳಿ ಅಕ್ಷರ. ಭಾರತವನ್ನು ಎಂದೂ ನೋಡದವರು ಬರೆದದ್ದು.

ಇದಲ್ಲ ಎಂದೆ.

ಬರ್ನಾರ್‌ಗೆ ನನಗಿಂತ ಹೆಚ್ಚು ಬೇಸರವಾಯಿತು. ಎಳೆದುಕೊಂಡು ಹೋಗಿ ಕಾಫಿ ಅಂಗಡಿಯಲ್ಲಿ ಕೂರಿಸಿದ. ಆಲೂಗಡ್ಡೆ ಕರಿದು ಅದರ ಮೇಲೆ ಬಿಳಿ ಗೊಜ್ಜು ಸುರಿದು ಕೊಟ್ಟರು. ಮೊಟ್ಟೆ ಇರುವ ಗೊಜ್ಜು ಎಂದು ತಿಳಿದು ಪಕ್ಕಕ್ಕಿಟ್ಟು, ಯಜಮಾನರು ಕೊಟ್ಟ ಮಾವಿನ ಮಿಡಿ ಉಪ್ಪಿನಕಾಯಿಯನ್ನು ತೆಗೆದೆ. ಅವನೂ ಆಲೂಗಡ್ಡೆಯನ್ನು ಅದರಲ್ಲಿ ಅದ್ದಿ ತಿಂದ. ಕಣ್ಣಲ್ಲಿ ನೀರು ಬಂತು. ಮತ್ತೆ ಅದ್ದಿದ. ಖಾರದ ನಡುವೆಯೇ ಅವನಿಗೆ ಏನೋ ನೆನಪಾಗಿ ಮೇಜು ತಟ್ಟಿದ. ನೀರಲ್ಲಿ ನಿಂತ ಹೆಂಗಸಿನ ಆ ಪುಸ್ತಕವನ್ನು ತಾನು ಓದಿರಲಿಲ್ಲ, ಯಾವುದೋ ಕಾಮಿಕ್ಸ್ ಜಾತ್ರೆಯಲ್ಲಿ ಪಕ್ಕದ ಮೇಜಿನಲ್ಲಿ ಒಬ್ಬ ಹುಡುಗಿ ತಾನೇ ಬರೆದದ್ದೆಂದು ಇಟ್ಟುಕೊಂಡು ಕೂತಿದ್ದಳು, ಯಾರೂ ಕೊಳ್ಳಲಿಲ್ಲ, ಸಂಜೆಗೆ ಕಟ್ಟಿಕೊಂಡು ಹೋದಳು ಎಂದ. ಆಮೇಲೆ ಯಾವುದೋ ಶಾಲೆಯಲ್ಲಿ ಚಿತ್ರ ಕಲಿಸುತ್ತಾಳೆಂದು ಕೇಳಿದ್ದೆ ಎಂದ.

ಅಲ್ಲಿಂದ ಅವನು ಫೋನ್ ಹಚ್ಚಿದ. ಒಬ್ಬರಿಗೆ, ಅವರು ಹೇಳಿದ ಇನ್ನೊಬ್ಬರಿಗೆ. ಫ್ರೆಂಚಿನಲ್ಲಿ ನಡೆದ ಆ ಮಾತುಗಳಲ್ಲಿ ನನಗೆ ತಿಳಿಯುತ್ತಿದ್ದುದು 'ಆನ್' ಎಂಬುದೊಂದೇ. ಕೊನೆಗೆ ಫೋನ್ ಕೆಳಗಿಟ್ಟು ಇಂಗ್ಲಿಷಿನಲ್ಲಿ ಹೇಳಿದ. ಅವಳಿದ್ದಾಳೆ. ನಾಳೆ ಬಾ ಎಂದಿದ್ದಾಳೆ. ಆದರೆ ಪುಸ್ತಕ ಕೇಳಬಾರದಂತೆ.

ನಾಮೂರ್

ಆನ್ ಇರುವ ಊರಿನ ಹೆಸರು ನಾಮೂರ್. ಟಿಕೆಟ್ ಕೌಂಟರಿನಲ್ಲಿ ನಾನು ಹೇಳಿದ್ದು ನನ್ನ ಕಿವಿಗೆ 'ನಮ್ಮೂರು' ಎಂದೇ ಕೇಳಿಸಿತು. ಟಿಕೆಟ್ ಕೊಟ್ಟವಳಿಗೂ ಊರು ಯಾವುದೆಂದು ತಿಳಿಯಿತು.

ಕಷ್ಟವಾದದ್ದು ರೈಲು ಹಿಡಿಯುವಾಗ. ಬೆಲ್ಜಿಯಂನಲ್ಲಿ ಊರಿಗೊಂದು ಫ್ರೆಂಚ್ ಹೆಸರು, ಒಂದು ಡಚ್ ಹೆಸರು. ನಾನು ನೋಡಿದ ಹೊತ್ತಿಗೆ ಫಲಕದಲ್ಲಿ ನಾಮೆನ್ ಎಂದು ಬರುತ್ತಿತ್ತು. ಇದು ಬೇರೆ ಊರು ಎಂದು ಆ ರೈಲನ್ನು ಬಿಟ್ಟೆ. ಎರಡೂ ಒಂದೇ ಎಂದು ಆಮೇಲೆ ಒಬ್ಬ ಹೆಂಗಸು ಹೇಳಿದಳು. ಹೊರಗಿನವರು ಹೊಸನಗರದಲ್ಲಿ 'ನಗರ' ಎಂದು ಬೋರ್ಡಿರುವ ಬಸ್ಸು ಕಂಡು ಯಾವ ನಗರ ಎಂದು ಕೇಳುವುದುಂಟು, ನಗರವೇ ಬಿದನೂರು ಎಂದು ತಿಳಿಯದೆ ಬಿದನೂರಿನ ಕೋಟೆ ನೋಡಲು ಬಂದವರು ಅದೇ ಬಸ್ಸನ್ನು ಬಿಟ್ಟು ನಿಲ್ಲುವುದುಂಟು. ಇನ್ನು ಅವರನ್ನು ಕಂಡು ನಗಬಾರದು ಎಂದುಕೊಂಡೆ.

ನಾಮೂರ್‌ನಲ್ಲಿ ಎರಡು ಹೊಳೆ ಕೂಡುತ್ತವೆ, ಮೇಲೆ ಗುಡ್ಡದಲ್ಲಿ ಕೋಟೆ. ಅಲ್ಲಿಯ ಜನ ನಿಧಾನಸ್ಥರೆಂದು ಬೇರೆ ಊರಿನವರು ತಮಾಷೆ ಮಾಡುತ್ತಾರಂತೆ, ಬಸವನಹುಳುವನ್ನು ಊರಿನ ಗುರುತು ಮಾಡಿಕೊಂಡು ಇವರೇ ಅದನ್ನು ಮೆರೆಸುತ್ತಾರೆ. ನನಗಂತೂ ಬ್ರಸೆಲ್ಸ್‌ಗಿಂತ ಇಲ್ಲಿ ಕಾಲು ನೆಲಕ್ಕೆ ಹತ್ತಿತು. ದಾರಿ ಕೇಳಿದರೆ ನಿಂತು ಹೇಳುತ್ತಾರೆ, ಎಲ್ಲಿಂದ ಬಂದೆ ಎಂದು ತಿರುಗಿ ಕೇಳುತ್ತಾರೆ.

ಹೊಳೆಯ ದಂಡೆಯ ಇಕ್ಕಟ್ಟಿನ ಮನೆಯ ಬಾಗಿಲು ತೆರೆದವರು ಎತ್ತರದ, ಬೆಳ್ಳಗೆ ತಲೆ ನರೆತ ಹೆಂಗಸು. ಮಾತಾಡುವಾಗ ಕೈಯನ್ನು ಬಾಯಿಗೆ ಅಡ್ಡ ಹಿಡಿಯುತ್ತಿದ್ದರು, ಕೆಳಗಿನ ತುಟಿಯನ್ನು ಒಳಗೆ ಎಳೆದುಕೊಳ್ಳುತ್ತಿದ್ದರು. ಹೊಸ ಹಲ್ಲಿನ ಸೆಟ್, ಎಲ್ಲೋ ಒತ್ತುತ್ತಿದೆ ಎಂದು ನನಗೆ ಬಾಗಿಲಲ್ಲೇ ಗೊತ್ತಾಯಿತು. ಅದನ್ನು ಹೇಳುವ ಹೊತ್ತು ಅದಾಗಿರಲಿಲ್ಲ.

ಕೂತ ಕೂಡಲೇ ಅವರು ಪುಸ್ತಕದ ವಿಷಯ ಮುಗಿಸಿಬಿಟ್ಟರು. ಅದೊಂದು ಸೋತ ಕೆಲಸ. ಯಾವ ಪ್ರಕಾಶಕರೂ ಒಪ್ಪಲಿಲ್ಲ. ಗೆಳೆಯರು ಸೇರಿ ಕೆಲವು ಪ್ರತಿ ಅಚ್ಚು ಹಾಕಿಸಿದರು. ಮಾರಾಟವಾಗದೆ ನೆಲಮಾಳಿಗೆಯಲ್ಲಿ ಬಿದ್ದಿದ್ದವು, ಹೊಳೆ ಉಕ್ಕಿ ನೀರು ನುಗ್ಗಿದ ವರ್ಷ ಎಲ್ಲ ಮುದ್ದೆಯಾದವು. ಈಗ ಒಂದೂ ಇಲ್ಲ. ನಿಮ್ಮ ಊರಿನವರಿಗೆ ಕಳಿಸುತ್ತೇನೆಂದು ಮಾತು ಕೊಟ್ಟಿದ್ದೆ, ಹಳ್ಳಿ ಮುಳುಗಿದ ಮೇಲೆ ಎಲ್ಲಿಗೆ ಕಳಿಸುವುದು ತಿಳಿಯಲಿಲ್ಲ ಎಂದರು.

ಆಮೇಲೆ ಒಬ್ಬೊಬ್ಬರನ್ನೇ ಕೇಳತೊಡಗಿದರು. ಆ ಅಕ್ಕ ಇದ್ದಾಳಾ? ಇದ್ದಾರೆ, ನಾನೇ ಹಲ್ಲು ಕಟ್ಟಿದ್ದೇನೆ ಎಂದೆ. ಅವರು ನಕ್ಕರು, ನಗುವಾಗ ನೋವಾಗಿ ಕೆನ್ನೆ ಹಿಡಿದುಕೊಂಡರು. ಮತ್ತೆ ಆ ನಗಿಸುವ ತಮ್ಮ?

ಹೇಳಬೇಕಾಯಿತು. ಹೇಳಿದೆ. ಅಪ್ಪನನ್ನು ನೋಡದೆ ಬೆಳೆದ ಮಗಳ ವಿಷಯವನ್ನೂ ಹೇಳಿದೆ. ಆನ್ ಎದ್ದು ಕಿಟಕಿಯ ಹತ್ತಿರ ಹೋಗಿ ಹೊಳೆಯ ಕಡೆ ಮುಖ ಮಾಡಿ ನಿಂತರು. ನನಗೆ ಸ್ವಲ್ಪ ಒಬ್ಬಳೇ ಇರಬೇಕು ಎಂದರು.

ಕೋಟೆಯ ಗುಡ್ಡ ಹತ್ತಿ ಕೂತೆ. ಸಂಗ್ರಾಹಕರಿಗೆ ಖಾಲಿ ಕೈಯಲ್ಲಿ ವಾಪಸಾಗುವುದು ಹೊಸದಲ್ಲ. ಪುಸ್ತಕ ಇತ್ತು ಎಂದಾದರೂ ಖಾತ್ರಿಯಾಯಿತಲ್ಲ, ಪದ್ಮಾವತಮ್ಮ ಕನಸು ಕಾಣಲಿಲ್ಲ ಎಂದು ಅವರ ಮಗನಿಗೆ ಹೇಳಬಹುದಲ್ಲ ಎಂದು ಸಮಾಧಾನ ಮಾಡಿಕೊಂಡೆ. ಆದರೆ ಸುಜಾತನಿಗೆ ಹೇಳುವಂಥದ್ದು ಏನೂ ಇರಲಿಲ್ಲ.

ನಾಮೂರ್, ಮರುದಿನ

ಬೆಳಗ್ಗೆ ಹೋಟೆಲಿನವರು ಬಂದು, ನಿಮಗೊಬ್ಬರು ಕಾಯುತ್ತಿದ್ದಾರೆ ಎಂದರು. ಕೆಳಗೆ ಆನ್ ನಿಂತಿದ್ದರು, ಕೂದಲಲ್ಲಿ ಜೇಡರ ಬಲೆ. ಅಟ್ಟವನ್ನೆಲ್ಲ ಜಾಲಾಡಿದ್ದರು. ತೀರಿಕೊಂಡ ಅಮ್ಮನ ಪೆಟ್ಟಿಗೆಯಲ್ಲಿ, ಅವರ ಉಣ್ಣೆಯ ಬಟ್ಟೆಗಳ ಅಡಿಯಲ್ಲಿ, ಒಂದು ಪ್ರತಿ ಸಿಕ್ಕಿತ್ತು.

ಅವರ ಮನೆಯ ಊಟದ ಮೇಜಿನ ಮೇಲೆ ಅದನ್ನು ತೆರೆದೆವು. ತೆಳ್ಳನೆಯ ಪುಸ್ತಕ. ಮುಖಪುಟದಲ್ಲಿ ಕೊಡ ಹಿಡಿದು, ಬೆನ್ನು ತಿರುಗಿಸಿ ನೀರಲ್ಲಿ ನಿಂತ ಹೆಂಗಸು, ಅದು ಪದ್ಮಾವತಮ್ಮ ಎಂದರು ಆನ್. ಒಳಗೆ ಹುಲಿಬೈಲು: ಹಂಚಿನ ಮಾಡು, ಕಲ್ಲಿನ ಮೆಟ್ಟಿಲು, ಅಂಗಳದಲ್ಲಿ ಒಣಗಲು ಹಾಕಿದ ಬಟ್ಟೆ, ಮಲಗಿದ ನಾಯಿ. ಒಂದೊಂದು ಹಂಚನ್ನೂ ಬಿಡದೆ ಬರೆದಿದ್ದರು. ನಾನು ಅವಸರವಾಗಿ ಜನರನ್ನು ಹುಡುಕಿದೆ.

ಜನರಿಗೆ ಮುಖವೇ ಇರಲಿಲ್ಲ. ಕಣ್ಣಿಗೆ ಎರಡು ಚುಕ್ಕೆ, ಬಾಯಿಗೆ ಒಂದು ಗೆರೆ. ನೇಮಿರಾಜನಿಗೂ ಅಷ್ಟೇ. ಹೆಗಲ ಮೇಲೆ ಟವೆಲ್ ಇರುವವನೇ ಅವನು ಎಂದು ಆನ್ ಹೇಳಬೇಕಾಯಿತು.

ನನ್ನ ಮುಖ ನೋಡಿ ಆನ್‌ಗೆ ತಿಳಿಯಿತು. ನನಗೆ ಆಗ ಮುಖ ಬರೆಯಲು ಬರುತ್ತಿರಲಿಲ್ಲ, ಕ್ಷಮಿಸಿ ಎಂದರು.

ಮಾತಿನ ಗುಳ್ಳೆಗಳನ್ನು ನೋಡಿದೆ. ಚೌಕದ ಕೆಳಗಿನ ಬರಹ ಫ್ರೆಂಚ್, ಆದರೆ ಗುಳ್ಳೆಯೊಳಗಿನ ಅಕ್ಷರಗಳು ಯಾವ ಭಾಷೆಯವೋ ಅರ್ಥವಾಗಲಿಲ್ಲ. ಇಂಗ್ಲಿಷಿನಂತೆ ಓದಿ ನೋಡಿದೆ, ಏನೂ ಹುಟ್ಟಲಿಲ್ಲ. ಇದೇನು ಎಂದು ಕೇಳಿದೆ.

ಪ್ರಕಾಶಕರು ತಿರಸ್ಕರಿಸಿದ್ದೇ ಇದಕ್ಕೆ ಎಂದರು ಆನ್. ಅಲ್ಲಿ ಕಿವಿಗೆ ಬಿದ್ದದ್ದನ್ನು ಬಿದ್ದ ಹಾಗೆಯೇ ಬರೆದುಕೊಂಡಿದ್ದೆ. ನನಗೆ ಒಂದು ಮಾತೂ ತಿಳಿಯುತ್ತಿರಲಿಲ್ಲ, ಓದುವವರೂ ನನ್ನ ಜಾಗದಲ್ಲೇ ನಿಲ್ಲಲಿ ಎಂಬ ಆಸೆ. ಪ್ರಕಾಶಕರು ನಕ್ಕುಬಿಟ್ಟರು ಎಂದರು.

ಗುಳ್ಳೆಯೊಳಗೆ ಇರುವುದು ಹುಲಿಬೈಲಿನ ಕನ್ನಡವೇ. ಬರೆದದ್ದು ಫ್ರೆಂಚ್ ಕಾಗುಣಿತದಲ್ಲಿ. ಹಾಗಾದರೆ ಫ್ರೆಂಚ್ ನಾಲಿಗೆಯೇ ಓದಬೇಕು. ಜೋರಾಗಿ ಓದುತ್ತೀರಾ ಎಂದೆ. ಆನ್ ಬಾಯಿ ತೆರೆದರು, ಎರಡು ಅಕ್ಷರ ಹೇಳುವಷ್ಟರಲ್ಲಿ ಕೆನ್ನೆ ಹಿಡಿದುಕೊಂಡರು. ಹಲ್ಲು ತೆಗೆದರೆ ಮಾತು ತೊದಲು, ಹಾಕಿದರೆ ನೋವು. ಅವರ ಡಾಕ್ಟರು ಸಿಗುವುದಕ್ಕೆ ಇನ್ನೂ ವಾರಗಳಿದ್ದವು.

ಇಷ್ಟು ದೂರ ಬಂದು ನಾನು ನನ್ನ ಕಸುಬನ್ನೇ ಮಾಡಬೇಕಾಗಿ ಬಂದದ್ದು ಹೀಗೆ. ಉಗುರು ಉಜ್ಜುವ ಪಟ್ಟಿ ಇದೆಯೇ ಎಂದು ಕೇಳಿದೆ. ಹೊಸದೊಂದಿತ್ತು. ಕಿಟಕಿಯ ಬೆಳಕಿಗೆ ಕೂರಿಸಿ, ವಸಡಿನಲ್ಲಿ ಹುಣ್ಣಾದ ಜಾಗಕ್ಕೆ ಅವರದೇ ತುಟಿಯ ಬಣ್ಣದಿಂದ ಚುಕ್ಕೆ ಇಟ್ಟು, ಸೆಟ್ ಹಾಕಿ ತೆಗೆದೆ. ಬಣ್ಣ ಹತ್ತಿದ ಕಡೆ ಒಂದು ಸಣ್ಣ ಉಬ್ಬು. ಅಷ್ಟನ್ನೇ ಉಜ್ಜಿ, ತೊಳೆದು, ಮತ್ತೆ ಹಾಕಿದೆ. ಆನ್ ಮೆಲ್ಲನೆ ಹಲ್ಲು ಕಚ್ಚಿ ನೋಡಿದರು. ಬಾಯಿಗೆ ಅಡ್ಡ ಹಿಡಿದ ಕೈ ಕೆಳಗಿಳಿಯಿತು.

ಆಮೇಲೆ ನೇಮಿರಾಜನ ಬಾಯಿಂದ ಬಂದ ಮೊದಲ ಗುಳ್ಳೆ ಓದಿದರು.

"ಅಲ್ ಕೂರ್ಬೇಡ ಮಾರಾಯ್ತಿ, ಇಂಬ್ಳ ಅದೆ."

ನಾಮೂರ್‌ನ ಊಟದ ಮೇಜಿನ ಮುಂದೆ, ಒಂದು ಪದದ ಅರ್ಥವೂ ಗೊತ್ತಿಲ್ಲದ ಬಾಯಿಂದ, ನಮ್ಮ ಕಡೆಯ ಮಾತು ಸುಲಲಿತವಾಗಿ ಹೊರಗೆ ಬಂತು. ನನಗೆ ನಗು ಬಂತು. ಅಲ್ಲಿ ಕೂರಬೇಡ, ಇಂಬಳ ಇದೆ, ರಕ್ತ ಹೀರುವ ಹುಳು ಎಂದು ಹೇಳಿದೆ. ಆನ್ ಕಣ್ಣರಳಿಸಿದರು. ತಾವು ಕೂರಲು ಹೋದ ಕಲ್ಲು ದೇವರದ್ದು, ಹಾಗಾಗಿ ಬೇಡ ಅಂದದ್ದು ಎಂದು ಅವರು ಇಷ್ಟು ವರ್ಷ ತಿಳಿದಿದ್ದರಂತೆ. ಅದಕ್ಕೇ ಮುಂದಿನ ಚೌಕದಲ್ಲಿ ಆ ಕಲ್ಲಿಗೆ ಕೈಮುಗಿದು ನಿಂತಿದ್ದರು.

ಆ ದಿನವಿಡೀ ಅವರು ಓದಿದರು, ನಾನು ಅರ್ಥ ಹೇಳಿದೆ. ಜೈನರ ಮನೆಯಲ್ಲಿ ಹೊತ್ತು ಮುಳುಗಿದ ಮೇಲೆ ಊಟವಿಲ್ಲವೆಂದು ಗೊತ್ತಿಲ್ಲದೆ ಹಸಿದು ಮಲಗಿದ ಚಿತ್ರವಿತ್ತು. ಅದರ ಮರುದಿನದ ಚೌಕದಲ್ಲಿ ನೇಮಿರಾಜ ಅಕ್ಕನಿಗೆ ಹೇಳುತ್ತಾನೆ, ಇವಳ ಹೊಟ್ಟೆ ಹೊತ್ತು ಮುಳುಗೋದ್ನ ನೋಡ್ಕೊಂಡು ಹಸಿಯಲ್ಲ, ಸಂಜೇಲೇ ಎರಡು ಪಾಲು ಬಡಿಸು ಎಂದು. ತನ್ನ ತಟ್ಟೆ ತುಂಬಿದ್ದು ಯಾರಿಂದ ಎಂದು ಆನ್‌ಗೆ ಆಗ ತಿಳಿಯಿತು. ಇನ್ನೊಂದು ಕಡೆ ಅಳತೆಯವರು ಬಂದು ಮನೆಗಳ ಗೋಡೆಗೆ ನಂಬರು ಬರೆಯುತ್ತಿದ್ದಾರೆ. ನೇಮಿರಾಜ ಅವರಿಗೆ ಚಹಾ ಬೇಕೇ ಎಂದು ಕೇಳುತ್ತಿದ್ದಾನೆ ಎಂದು ಆನ್ ತಿಳಿದಿದ್ದರು. ಅವನು ಹೇಳಿದ್ದು ಹೀಗಿತ್ತು:

"ಗೋಡೆಗೆ ನಂಬರ್ ಹಾಕಿದ್ರಿ, ನಾಯಿಗೂ ಒಂದ್ ಹಾಕಿ ಸ್ವಾಮಿ. ಅದೂ ಇಲ್ಲೇ ಹುಟ್ಟಿದ್ದು."

ಅರ್ಥ ಹೇಳಿದಾಗ ಆನ್ ನಗಲಿಲ್ಲ. ಮೆಲ್ಲಗೆ ಆ ಮಾತನ್ನೇ ಇನ್ನೊಮ್ಮೆ ಓದಿದರು. ಈ ಸಲ ಅರ್ಥ ಗೊತ್ತಿದ್ದು ಓದಿದರು.

ಪಕ್ಕದ ಅಂಗಡಿಯಲ್ಲಿ ನೆರಳಚ್ಚು ಮಾಡಿಸಿಕೊಂಡು, ಪ್ರತಿ ಗುಳ್ಳೆಯ ಪಕ್ಕದಲ್ಲೂ ಪೆನ್ಸಿಲಿನಲ್ಲಿ ಕನ್ನಡ ಬರೆದೆ. ನಾನು ಹೊರಡುವಾಗ ಆನ್ ಅಸಲು ಪುಸ್ತಕವನ್ನೇ ಕೈಗಿಟ್ಟರು. ನಿಮಗಲ್ಲ, ಆ ಮಗಳಿಗೆ ಎಂದರು. ಜಗತ್ತಿನಲ್ಲಿ ಬಹುಶಃ ಒಂದೇ ಉಳಿದಿರುವ ಪ್ರತಿ. ವಿಮಾನದಲ್ಲಿ ಅದನ್ನು ತೊಡೆಯ ಮೇಲೆ ಇಟ್ಟುಕೊಂಡೇ ಬಂದೆ.

ತೀರ್ಥಹಳ್ಳಿ

ಸುಜಾತನ ಮನೆ ಔಷಧಿ ಅಂಗಡಿಯ ಮೇಲೆಯೇ ಇದೆ. ಪದ್ಮಾವತಮ್ಮ ಹೊಸನಗರದಿಂದ ಬೆಳಗಿನ ಬಸ್ಸಿಗೇ ಬಂದು ಕೂತಿದ್ದರು. ಅಂಗಡಿಯನ್ನು ಗಂಡನಿಗೆ ಬಿಟ್ಟು ಸುಜಾತ ಮೇಲೆ ಬಂದಳು. ಸೋದರತ್ತೆಯ ಹಾಗೆ ತೆಳ್ಳಗಿದ್ದಾಳೆ, ಆದರೆ ಮಾತು ಕಡಿಮೆ.

ಪುಸ್ತಕವನ್ನು ಅವಳ ಕೈಗೆ ಕೊಟ್ಟೆ. ಮುಖದ ವಿಷಯ ಫೋನಿನಲ್ಲಿ ಹೇಳಲು ನನಗೆ ಬಾಯಿ ಬಂದಿರಲಿಲ್ಲ. ಪದ್ಮಾವತಮ್ಮ ಬೆರಳಿಟ್ಟು ತೋರಿಸಿದರು. "ನೋಡು, ಇವ್ನೇ."

ಸುಜಾತ ಬಗ್ಗಿ ನೋಡಿದಳು. ಎರಡು ಚುಕ್ಕೆ, ಒಂದು ಗೆರೆ. ಬಹಳ ಹೊತ್ತು ನೋಡಿ, ಚೆನ್ನಾಗಿ ಬರೆದಿದ್ದಾರೆ ಎಂದು ಮೆಲ್ಲಗೆ ಮುಚ್ಚಿಟ್ಟಳು. ಕಾಫಿ ತರುತ್ತೇನೆ ಎಂದು ಎದ್ದಳು.

ಅವಳನ್ನು ಕೂರಿಸಿ, ಪೆನ್ಸಿಲಿನಲ್ಲಿ ಕನ್ನಡ ಬರೆ‍ದ ನನ್ನ ನೆರಳಚ್ಚನ್ನು ಮುಂದಿಟ್ಟೆ. ಇವು ಯಾರೋ ಕಟ್ಟಿದ ಮಾತಲ್ಲ, ನಿಮ್ಮ ತಂದೆ ಆಡಿದ್ದನ್ನು ಅವರ ಎದುರೇ ಕೂತು ಬರೆದುಕೊಂಡದ್ದು ಎಂದು ವಿವರಿಸಿದೆ. ಅವಳು ಮೊದಲ ಪುಟದಿಂದ ಓದತೊಡಗಿದಳು, ಮನಸ್ಸಿನಲ್ಲೇ. ನಾಯಿಗೆ ನಂಬರು ಹಾಕುವ ಮಾತಿಗೆ ಬಂದಾಗ ಫಕ್ಕನೆ ನಕ್ಕಳು. ನಕ್ಕದ್ದಕ್ಕೆ ತಾನೇ ಆಶ್ಚರ್ಯಪಟ್ಟವಳಂತೆ ನಮ್ಮಿಬ್ಬರನ್ನೂ ನೋಡಿದಳು. ಅಪ್ಪ ಅವಳನ್ನು ನಗಿಸಿದ್ದು ಅದೇ ಮೊದಲು.

ಆಮೇಲೆ ಒಂದೊಂದನ್ನೂ ಬಾಯಿಬಿಟ್ಟು ಓದತೊಡಗಿದಳು. ನನಗೆ ಅರ್ಥವಾಗದೆ ಖಾಲಿ ಬಿಟ್ಟಿದ್ದ ಕಡೆಗಳನ್ನು ಪದ್ಮಾವತಮ್ಮ ತುಂಬಿಸಿದರು. ಒಂದು ಎಮ್ಮೆಯ ಹೆಸರು, ಒಂದು ಗದ್ದೆಯ ಹೆಸರು. ಚಿತ್ರದಲ್ಲಿ ಮೆಟ್ಟಿಲು ಬಲಕ್ಕಿದೆ, ಇದ್ದದ್ದು ಎಡಕ್ಕೆ ಎಂದು ಆನ್‌ಳನ್ನು ಬೈದರು.

ಕೊನೆಯ ಪುಟದ ಹತ್ತಿರ ಒಂದು ದೊಡ್ಡ ಚೌಕವಿದೆ. ನಡುವೆ ಹಳ್ಳ. ಈಚೆ ದಂಡೆಯಲ್ಲಿ ತಲೆಯ ಮೇಲೆ ಬುಟ್ಟಿ ಹೊತ್ತ ಹೆಂಗಸು. ಆಚೆ ದೂರದಲ್ಲಿ ಇರುವೆಯಷ್ಟು ಸಣ್ಣ ಗಂಡಸು, ಅವನ ಮೇಲೆ ಅವನಿಗಿಂತ ದೊಡ್ಡ ಗುಳ್ಳೆ. ಸುಜಾತ ಔಷಧಿಯ ಚೀಟಿ ಓದುವಂತೆ ಓದಿದಳು.

"ಪದ್ದಕ್ಕಾ, ಬಂದೆ, ಇರು."

ಪದ್ಮಾವತಮ್ಮ ತಲೆ ಅಲ್ಲಾಡಿಸಿದರು. "ಹಂಗಲ್ಲ ಮಗಾ. ಅವ್ನು ಹಂಗೆ ಕರೀತಿರ್ಲಿಲ್ಲ."

ಮತ್ತೆ ಹೇಗೆ ಎಂದು ಸುಜಾತ ಕೇಳಿದಳು.

ಪದ್ಮಾವತಮ್ಮ ಕಾಫಿ ಲೋಟ ಕೆಳಗಿಟ್ಟರು. ಬಾಯಿಯ ಪಕ್ಕ ಅಂಗೈ ಹಿಡಿದು, ಆ ಸಣ್ಣ ಕೋಣೆಯಲ್ಲಿ ತಮ್ಮನ ಹಾಗೆ ಕೂಗಿದರು. ಕೊನೆಯ 'ಇರೂ' ಎಳೆದು ಎಳೆದು ಮೇಲಕ್ಕೆ ಹೋಗಿ ನಿಂತಿತು. ಕೆಳಗೆ ಅಂಗಡಿಯಲ್ಲಿ ಯಾರೋ ಏನಾಯ್ತು ಎಂದು ಕೇಳಿದ್ದು ಕೇಳಿಸಿತು.

ಸುಜಾತ ಕೂಗಿ ನೋಡಿದಳು. ಆಗಲಿಲ್ಲ. "ಎಳೀಬೇಕು ಅದ್ನ," ಎಂದರು ಅತ್ತೆ. "ಹಳ್ಳ ದಾಟಿ ಬರ್ಬೇಕಲ್ಲ ಅದು." ಮತ್ತೆ ಕೂಗಿದಳು. ಮತ್ತೆ ತಿದ್ದಿದರು. ಸುಜಾತ ಎದ್ದು ನಿಂತಳು, ಸೆರಗು ಸಿಕ್ಕಿಸಿಕೊಂಡಳು, ಉಸಿರು ತುಂಬಿಕೊಂಡು, ಕಣ್ಣು ಮುಚ್ಚಿ, ಅಂಗೈ ಬಾಯಿಗೆ ಹಿಡಿದು ಕೂಗಿದಳು.

"ಪದ್ದಕ್ಕಾ, ಬಂದೇ, ಇರೂ..."

ಈ ಸಲ ಪದ್ಮಾವತಮ್ಮ ತಿದ್ದಲಿಲ್ಲ. ಕುತ್ತಿಗೆ ಎತ್ತಿ, ಎದುರಿನ ಗೋಡೆಯನ್ನೂ ದಾಟಿ ಎಲ್ಲೋ ನೋಡುತ್ತ, ತಡಮಾಡದೆ ಉತ್ತರ ಕೊಟ್ಟರು.

"ಬೇಗ ಬಾರೋ."